ಪದೇಪದೇ ಜ್ವರ ಬಂದರೆ ಟಿ ಕೋಶಗಳು ಖಾಲಿಯಾಗುತ್ತವೆಯೇ?

ಪ್ರಶ್ನೆ: ನಮ್ಮದು ಕುಂದಾಪುರದ ಕಡೆ ಊರು, ಈಗ ಮುಂಬೈಯ ಭಾಂಡುಪ್‌ನಲ್ಲಿದ್ದೇವೆ. ಮಗನಿಗೆ 27 ವರ್ಷ. 2019ರ ಮಳೆಗಾಲದಲ್ಲಿ ಡೆಂಗಿ ಆಯ್ತು, 2021ರಲ್ಲಿ ಕೋವಿಡ್, ಈ ಜುಲೈನಲ್ಲಿ ನ್ಯುಮೋನಿಯಾ ಆಗಿ ಆಸ್ಪತ್ರೆ ಸೇರಿದ್ದ. ಆಗಿನ ರಿಪೋರ್ಟಿನಲ್ಲಿ ಲಿಂಫೋಸೈಟ್ ಬರೀ 9% ಇತ್ತು. ಲ್ಯಾಬಿನವರು ಫೋನ್ ಮಾಡಿ, ಟಿ ಸೆಲ್ ಕಮ್ಮಿಯಾಗಿರಬಹುದು, ಇಮ್ಯುನಿಟಿ ಪ್ಯಾಕೇಜ್ ಮಾಡಿಸಿ ಅಂತಿದ್ದಾರೆ. ನಮ್ಮ ಭಾವ ಹೇಳೋದು, ಒಂದೊಂದು ಕಾಯಿಲೆಗೂ ಮೈಯ ಶಕ್ತಿ ಖರ್ಚಾಗುತ್ತಾ ಹೋಗುತ್ತೆ ಅಂತ. ಅತ್ತೆ ಹೇಳೋದು, ಕಾಯಿಲೆ ಬಂದಷ್ಟೂ ಮೈ ಗಟ್ಟಿಯಾಗುತ್ತೆ ಅಂತ. ಯಾರು ಹೇಳೋದು ಸರಿ? ಇನ್ನೊಂದು ಮಾತು, ಚೆಂಬೂರಿನಲ್ಲಿರುವ ಮಗಳ ಮಗುವಿಗೆ ಒಂದೂವರೆ ವರ್ಷ. ದಡಾರದ ಎರಡನೇ ಚುಚ್ಚುಮದ್ದು ಹಾಕಿಸುವುದೋ, ಬಂದು ಹೋಗಲಿ ಅಂತ ಬಿಡುವುದೋ?

ಉತ್ತರ: ಮೊದಲು ನಿಮ್ಮ ಮಗನ ರಿಪೋರ್ಟು ನೋಡೋಣ. ನಿಮಗೆ ನಿದ್ದೆ ಕೆಡಿಸಿರುವುದು ಅದೇ ಅಲ್ವಾ?

ನೀವು ಎರಡು ರಿಪೋರ್ಟ್ ಕಳಿಸಿದ್ದೀರಿ. ಜುಲೈನದ್ದರಲ್ಲಿ ಒಟ್ಟು ಬಿಳಿ ರಕ್ತಕಣ 11,000, ಲಿಂಫೋಸೈಟ್ 9%. ಸೆಪ್ಟೆಂಬರಿನದ್ದರಲ್ಲಿ ಒಟ್ಟು 7,200, ಲಿಂಫೋಸೈಟ್ 28%. ಲಿಂಫೋಸೈಟ್ ಅಂದರೆ ಬಿಳಿ ರಕ್ತಕಣಗಳಲ್ಲೇ ಒಂದು ಜಾತಿ, ರೋಗಾಣುಗಳ ಜತೆ ಹೋರಾಡುವ ಟಿ ಕೋಶಗಳೂ ಇವುಗಳಲ್ಲೇ ಸೇರಿವೆ. ಬರೀ ಶೇಕಡಾವಾರು ನೋಡಿದರೆ ಮೋಸ ಹೋಗುತ್ತೇವೆ. ಎರಡನ್ನೂ ಗುಣಿಸಿ ನೋಡಬೇಕು. ಜುಲೈನಲ್ಲಿ ಒಂದು ಮೈಕ್ರೋಲೀಟರ್ ರಕ್ತದಲ್ಲಿ 990 ಲಿಂಫೋಸೈಟ್ ಇದ್ದವು, ಸೆಪ್ಟೆಂಬರಿನಲ್ಲಿ 2,016. ದೊಡ್ಡವರಲ್ಲಿ ಸುಮಾರು 1,000ದಿಂದ 4,000ದವರೆಗೆ ಇದ್ದರೆ ಸರಿ ಎನ್ನುತ್ತೇವೆ. ಅಂದರೆ ಜುಲೈನಲ್ಲೂ ಅವನ ಲೆಕ್ಕ ಗಡಿಯ ಹತ್ತಿರವೇ ಇತ್ತು. ನ್ಯುಮೋನಿಯಾದಲ್ಲಿ ನ್ಯೂಟ್ರೋಫಿಲ್ ಎಂಬ ಬೇರೆ ಜಾತಿಯ ಕಣಗಳು ಜಾಸ್ತಿಯಾಗುತ್ತವೆ. ಹಾಗಾಗಿ ಲಿಂಫೋಸೈಟಿನ ಪಾಲು ಇನ್ನೂ ಕಮ್ಮಿ ಕಂಡಿತು. ಎರಡೇ ತಿಂಗಳಲ್ಲಿ ಎಲ್ಲ ಸರಿಹೋಗಿದೆ.

ಆದರೂ ಜ್ವರದ ಹೊತ್ತಲ್ಲಿ ಲಿಂಫೋಸೈಟ್ ನಿಜವಾಗಿಯೂ ಇಳಿಯುತ್ತವೆ. ಅವು ಎಲ್ಲಿಗೆ ಹೋಗುತ್ತವೆ? ಮಗನಿಗೆ ಗಂಟಲುನೋವು, ಜ್ವರ ಬಂದಾಗ ದವಡೆಯ ಕೆಳಗೆ ಅವರೆಕಾಳಿನಷ್ಟು ಗಂಟು ಕೈಗೆ ಸಿಕ್ಕಿರಬಹುದು. ಮುಟ್ಟಿದರೆ ನೋವು, ಬೆರಳಿನ ಕೆಳಗೆ ಆಚೀಚೆ ಜಾರುತ್ತದೆ. ಅದೇ ದುಗ್ಧಗ್ರಂಥಿ. ಮೈಯಲ್ಲಿ ಇಂಥವು ನೂರಾರಿವೆ. ಟಿ ಕೋಶಗಳು ದಿನವಿಡೀ ರಕ್ತದಿಂದ ಇವುಗಳೊಳಗೆ ಹೋಗಿ, ಕೆಲವು ಗಂಟೆ ತಡಕಾಡಿ, ಮತ್ತೆ ರಕ್ತಕ್ಕೆ ಬರುತ್ತಿರುತ್ತವೆ. ಸೋಂಕು ತಗುಲಿದಾಗ ಆ ಭಾಗದ ಗ್ರಂಥಿ ಒಳಗೆ ಬರುವ ದಾರಿ ಅಗಲ ಮಾಡಿ, ಹೊರಗೆ ಹೋಗುವ ದಾರಿಯನ್ನು ಕೆಲ ಕಾಲ ಮುಚ್ಚಿಬಿಡುತ್ತದೆ. ಕೋಶಗಳು ಒಳಗೇ ಉಳಿಯುತ್ತವೆ, ಗ್ರಂಥಿ ಊದುತ್ತದೆ, ರಕ್ತದಲ್ಲಿ ಲೆಕ್ಕ ಇಳಿಯುತ್ತದೆ. ಕಾಯಿಲೆಯ ಒತ್ತಡದಲ್ಲಿ ಏರುವ ಕಾರ್ಟಿಸಾಲ್ ಹಾರ್ಮೋನು ಕೂಡ ಇವನ್ನು ರಕ್ತದಿಂದ ಹೊರಗೆ ಕಳಿಸುತ್ತದೆ. ಜತೆಗೆ ಒಂದಿಷ್ಟು ಕೋಶಗಳು ಸಾಯುವುದೂ ಉಂಟು. ಆದರೆ ಇದೊಂದು ನೆನಪಿಡಿ. ಮೈಯಲ್ಲಿರುವ ಲಿಂಫೋಸೈಟುಗಳಲ್ಲಿ ರಕ್ತದಲ್ಲಿ ಓಡಾಡುವುದು ಸುಮಾರು 2% ಮಾತ್ರ. ತೋಳಿನಿಂದ ಒಂದು ಟ್ಯೂಬ್ ರಕ್ತ ತೆಗೆದು, ಮೈಯ ಟಿ ಕೋಶಗಳೆಲ್ಲ ಖಾಲಿಯಾದವು ಎಂದು ಹೇಳುವುದು ಸಾಧ್ಯವೇ ಇಲ್ಲ. ಜ್ವರದ ನಡುವೆ ತೆಗೆದದ್ದಾದರೆ ಕೇಳುವುದೇ ಬೇಡ.

ಈಗ ಭಾವನವರ ಮಾತಿಗೆ ಬರೋಣ. ಅವರು ಹೇಳುವಂತೆ ಟಿ ಕೋಶಗಳು ಸಾಯುವುದು ಸುಳ್ಳಲ್ಲ. ನಿಜ ಹೇಳಬೇಕೆಂದರೆ ಹುಟ್ಟಿದ ಕೂಡಲೇ ಹೆಚ್ಚಿನವು ಸಾಯುತ್ತವೆ. ಮೂಳೆಯ ಮಜ್ಜೆಯಲ್ಲಿ ಹುಟ್ಟಿ, ಎದೆಮೂಳೆಯ ಹಿಂದಿರುವ ಥೈಮಸ್ ಗ್ರಂಥಿಗೆ ಬಂದು ಅವು ಬಲಿಯುತ್ತವೆ. ಈ ಗ್ರಂಥಿಯಿಂದ ಏನು ಉಪಯೋಗ ಎಂದು 1961ರವರೆಗೂ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಆಗ ತಾನೇ ಹುಟ್ಟಿದ ಇಲಿಮರಿಗಳಿಂದ ಅದನ್ನು ತೆಗೆದರೆ ಅವು ಸೋಂಕಿಗೆ ತುತ್ತಾಗುತ್ತವೆ ಎಂದು ತೋರಿಸಿದವರು ಜಾಕ್ ಮಿಲ್ಲರ್. ಥೈಮಸ್ಸಿಗೆ ಬಂದ ಕೋಶಗಳಲ್ಲಿ 95%ಕ್ಕೂ ಹೆಚ್ಚು ಹೊರಗೆ ಬರುವುದೇ ಇಲ್ಲ. ನಮ್ಮ ಮೈಯನ್ನು ಗುರುತಿಸಲಾಗದವು ಅಲ್ಲೇ ಸಾಯುತ್ತವೆ. ನಮ್ಮ ಮೈಯ ಮೇಲೇ ಜೋರಾಗಿ ತಿರುಗಿಬೀಳುವಂಥವನ್ನೂ ಅಲ್ಲೇ ತೆಗೆಯಲಾಗುತ್ತದೆ. ಉಳಿದವು ಇನ್ನೂ ಯಾವ ರೋಗವನ್ನೂ ಕಾಣದ ಹೊಸ ಕೋಶಗಳಾಗಿ ಹೊರಬರುತ್ತವೆ. ಐಎಲ್-7 ಎಂಬ ಪ್ರೋಟೀನು ಸಿಗುತ್ತಿದ್ದರೆ, ನಮ್ಮ ಸ್ವಂತ ಕೋಶಗಳ ಒಡನಾಟ ಇದ್ದರೆ, ಅವು ವರ್ಷಗಟ್ಟಲೆ ಬದುಕುತ್ತವೆ.

ಒಂದು ವೈರಸ್ಸನ್ನು ಗುರುತಿಸಬಲ್ಲ ಹೊಸ ಕೋಶಗಳು ಬಹಳ ಕಡಿಮೆ. ಲಕ್ಷಕ್ಕೊಂದೋ ಹತ್ತು ಲಕ್ಷಕ್ಕೊಂದೋ ಇರುತ್ತವೆ. ಇಷ್ಟರಿಂದ ಏನೂ ಆಗುವಂತಿಲ್ಲ, ಹಾಗಾಗಿ ಅವು ಒಡೆದು ಒಡೆದು ಹೆಚ್ಚಬೇಕು. ಗ್ರಂಥಿಯೊಳಗೆ ವೈರಸ್ಸಿನ ತುಣುಕು ಕಂಡ ಕೋಶ ಮೊದಲ ಒಂದು ದಿನ ಸುಮ್ನೆ ಇದ್ದಂತೆ ಕಾಣುತ್ತದೆ. ಆಮೇಲೆ ಕೆಲವೇ ಗಂಟೆಗಳಿಗೊಮ್ಮೆ ಎರಡಾಗುತ್ತಾ ಹೋಗುತ್ತದೆ. ಇಲಿಗಳಲ್ಲಿ ಒಂದು ವಾರದಲ್ಲಿ ಇಂಥ ಕೋಶಗಳು ಹತ್ತು ಸಾವಿರ ಪಟ್ಟು ಹೆಚ್ಚಿದ್ದನ್ನು ಲೆಕ್ಕ ಹಾಕಿದ್ದಾರೆ. ವೈರಸ್ ಖಾಲಿಯಾದ ಮೇಲೆ ಇವುಗಳಲ್ಲಿ 90%ರಿಂದ 95% ಸಾಯುತ್ತವೆ. ನಿಮ್ಮ ಬೀದಿಯ ಗಣಪತಿ ಮಂಡಳಿಯಲ್ಲಿ ಹತ್ತು ದಿನ ನೂರಾರು ಜನ ಓಡಾಡುತ್ತಾರೆ. ವಿಸರ್ಜನೆ ಮುಗಿದ ಮೇಲೆ ಅವರೆಲ್ಲ ಅಲ್ಲೇ ಉಳಿಯುವುದಿಲ್ಲ, ಎಲ್ಲಿ ಏನಿದೆ ಎಂದು ಬಲ್ಲ ನಾಲ್ಕು ಜನ ಉಳಿದರೆ ಮುಂದಿನ ವರ್ಷಕ್ಕೆ ಸಾಕು. ಇದೂ ಹಾಗೆಯೇ. ಇಷ್ಟೊಂದು ಕೋಶಗಳು ಸಾಯುವುದು ನಷ್ಟವಲ್ಲ. ಸಾಯದೆ ಉಳಿದರೇನೇ ಕಷ್ಟ. ಕೊಲ್ಲುವ ಕೆಲಸ ಕಲಿತ ಕೋಟಿಗಟ್ಟಲೆ ಕೋಶಗಳು ಕೆಲಸವಿಲ್ಲದೆ ತಿರುಗಾಡಿದರೆ ನಮ್ಮ ಅಂಗಾಂಗಗಳೇ ಹಾಳಾಗುತ್ತವೆ. ಅವನ್ನು ಅಂಕೆಯಲ್ಲಿಡಲೆಂದೇ ಬೇರೆ ಜಾತಿಯ ಟಿ ಕೋಶಗಳಿವೆ. ಅವುಗಳನ್ನು ಕಂಡುಹಿಡಿದ ಕೆಲಸಕ್ಕೆ ಶಿಮೋನ್ ಸಕಾಗುಚಿ, ಮೇರಿ ಬ್ರಂಕೋ, ಫ್ರೆಡ್ ರಾಮ್ಸ್‌ಡೆಲ್ ಅವರಿಗೆ 2025ರ ನೊಬೆಲ್ ಬಂತು.

ಉಳಿದ 5%-10% ಕೋಶಗಳೇ ನೆನಪಿನ ಕೋಶಗಳು. ಇವು ಹೊಸ ಕೋಶಗಳಂತಲ್ಲ. ಮತ್ತೆ ಅದೇ ರೋಗಾಣು ಬಂದರೆ ದಿನಗಟ್ಟಲೆ ಕಾಯದೆ ಕೆಲವೇ ಗಂಟೆಗಳಲ್ಲಿ ಕೆಲಸ ಶುರುಮಾಡುತ್ತವೆ. ಕೆಲವು ರಕ್ತದಲ್ಲಿ ತಿರುಗುತ್ತವೆ. ಇನ್ನು ಕೆಲವು ಶ್ವಾಸಕೋಶ, ಕರುಳು, ಚರ್ಮದಲ್ಲೇ ಬೀಡುಬಿಡುತ್ತವೆ, ರಕ್ತಪರೀಕ್ಷೆಯಲ್ಲಿ ಅವು ಕಾಣಿಸುವುದೇ ಇಲ್ಲ. ಎಷ್ಟು ದಿನ ಬಾಳುತ್ತವೆ ಅಂತೀರಾ? ನಿಮ್ಮ ತೋಳಿನ ಮೇಲೆ ಚಿಕ್ಕಂದಿನಲ್ಲಿ ಮೈಲಿ ಹಾಕಿಸಿದ ಕಲೆ ಇದ್ದರೆ ಒಮ್ಮೆ ನೋಡಿಕೊಳ್ಳಿ. ಆ ಲಸಿಕೆ ಹಾಕಿಸಿಕೊಂಡವರಲ್ಲಿ ಸಿಡುಬಿನ ವಿರುದ್ಧದ ಟಿ ಕೋಶಗಳು ಅರ್ಧಕ್ಕಿಳಿಯಲು 8ರಿಂದ 15 ವರ್ಷ ಬೇಕಾಗುತ್ತದೆ ಎಂದು 2003ರಲ್ಲಿ ಅಮೆರಿಕದ ಒಂದು ಅಧ್ಯಯನ ತೋರಿಸಿತು. ಲಸಿಕೆಯಾಗಿ 75 ವರ್ಷ ಕಳೆದವರಲ್ಲೂ ನೆನಪು ಉಳಿದಿತ್ತು. 2003ರಲ್ಲಿ ಸಾರ್ಸ್ ಎಂಬ ಶ್ವಾಸಕೋಶದ ವೈರಸ್ ಕಾಯಿಲೆ ಬಂದು ಗುಣವಾದವರಲ್ಲಿ 17 ವರ್ಷದ ಮೇಲೂ ಆ ವೈರಸ್ಸನ್ನು ಗುರುತಿಸುವ ಟಿ ಕೋಶಗಳು ಸಿಕ್ಕಿವೆ.

ಹೊಸ ನೆನಪು ಬಂದಾಗ ಹಳೆಯದು ಜಾಗ ಬಿಡಬೇಕೇ? ಈ ಪ್ರಶ್ನೆ ವಿಜ್ಞಾನಿಗಳಲ್ಲಿ ಬಹಳ ಚರ್ಚೆಯಾಗಿದೆ. ಇಲಿಗಳ ಕೆಲವು ಪ್ರಯೋಗಗಳಲ್ಲಿ ಹಾಗೆ ಸ್ವಲ್ಪ ಮಟ್ಟಿಗೆ ಆಗಿದ್ದುಂಟು. ಆದರೆ ಸೋಂಕಿನ ಮೇಲೆ ಸೋಂಕು ಬಂದಂತೆ ನೆನಪಿನ ಕೋಶಗಳ ಒಟ್ಟು ಗುಂಪೇ ದೊಡ್ಡದಾಗುತ್ತದೆ, ಹಳೆಯವು ಬಹುಮಟ್ಟಿಗೆ ಉಳಿಯುತ್ತವೆ ಎಂದು 2009ರ ಪ್ರಯೋಗ ತೋರಿಸಿತು. ಹಾಗಾಗಿ ಡೆಂಗಿ, ಕೋವಿಡ್, ನ್ಯುಮೋನಿಯಾ ಮೂರೂ ಬಂದು ಹೋದ ಮಾತ್ರಕ್ಕೆ ನಿಮ್ಮ ಮಗ ಬರಿದಾಗಿಲ್ಲ. ಬಂದು, ಹೋಗುವ ಸೋಂಕಿಗೆ ಟಿ ಕೋಶಗಳು ಖರ್ಚಾಗಿ ಮುಗಿಯುವುದಿಲ್ಲ.

ಬಂದು ಹೋಗದೆ ಕೂತುಬಿಡುವ ಸೋಂಕಿನ ಕಥೆಯೇ ಬೇರೆ. ಭಾವನವರ ಭಯ ಇಲ್ಲಿ ನಿಜವಾಗುತ್ತದೆ. ನನ್ನ ಇಷ್ಟು ವರ್ಷದ ಕೆಲಸದಲ್ಲಿ ಜನಕ್ಕೆ ಮುಟ್ಟಿಸಬೇಕೆಂದು ಹೆಚ್ಚು ಹಂಬಲಿಸಿದ್ದೂ ಇದನ್ನೇ. ರೋಗಾಣು ಎಷ್ಟು ಸಲ ಬಂತು ಎಂದು ಎಣಿಸುತ್ತಾ ಕೂರಬೇಡಿ, ಎಷ್ಟು ಕಾಲ ಉಳಿಯಿತು ಎಂದು ಕೇಳಿ.

ಇಲಿಗಳಿಗೆ ತಗುಲುವ ಎಲ್‌ಸಿಎಂ ಎಂಬ ಒಂದು ವೈರಸ್ ಇದೆ. ಟಿ ಕೋಶ ಸೋಂಕಿತ ಕೋಶವನ್ನು ಹೇಗೆ ಗುರುತಿಸುತ್ತದೆ ಎಂದು ಪೀಟರ್ ಡೊಹರ್ಟಿ, ರೋಲ್ಫ್ ಜಿಂಕರ್‌ನಾಗೆಲ್ 1970ರ ದಶಕದಲ್ಲಿ ಕಂಡುಕೊಂಡದ್ದೂ ಇದೇ ವೈರಸ್ಸಿನಿಂದ. ಅದಕ್ಕೆ 1996ರಲ್ಲಿ ನೊಬೆಲ್ ಸಿಕ್ಕಿತು. ಈ ವೈರಸ್ಸಿನ ಒಂದು ತಳಿ ವಾರದಲ್ಲಿ ಹೋಗುತ್ತದೆ, ಇನ್ನೊಂದು ತಿಂಗಳುಗಟ್ಟಲೆ ಮೈಯಲ್ಲಿ ಉಳಿಯುತ್ತದೆ. ಎರಡರಲ್ಲೂ ಅದೇ ಇಲಿ, ಅದೇ ಟಿ ಕೋಶ. ಹೋದ ಕಡೆ ಒಳ್ಳೆಯ ನೆನಪು ಉಳಿಯುತ್ತದೆ. ಉಳಿದ ಕಡೆ ಟಿ ಕೋಶಗಳು ದಣಿಯುತ್ತವೆ. ಮೊದಲು ಒಡೆದು ಹೆಚ್ಚುವ ಶಕ್ತಿ ಹೋಗುತ್ತದೆ, ಆಮೇಲೆ ರೋಗಾಣುವಿನ ವಿರುದ್ಧ ಸುರಿಯುವ ರಾಸಾಯನಿಕಗಳು ಒಂದೊಂದಾಗಿ ಕಮ್ಮಿಯಾಗುತ್ತವೆ, ಕೊನೆಗೆ ಕೆಲವು ಕೋಶಗಳು ಸತ್ತೇ ಹೋಗುತ್ತವೆ. 1990ರ ದಶಕದಲ್ಲಿ ಇದು ಬಿಡಿಸಿ ಗೊತ್ತಾಯಿತು. ಹೈದರಾಬಾದಿನಲ್ಲಿ ಹುಟ್ಟಿ, ಅಮೆರಿಕದ ಎಮೊರಿ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡುವ ರಫಿ ಅಹ್ಮದ್ ಅವರ ತಂಡದ ಪಾಲು ಇದರಲ್ಲಿ ದೊಡ್ಡದು. ದಣಿದ ಕೋಶದ ಮೇಲೆ ಪಿಡಿ-1 ಎಂಬ ಅಣು ತುಂಬ ಇರುತ್ತದೆ, ಅದನ್ನು ತಡೆದರೆ ಕೋಶಕ್ಕೆ ಸ್ವಲ್ಪ ಜೀವ ಬರುತ್ತದೆ ಎಂದು 2006ರಲ್ಲಿ ತೋರಿಸಿದ್ದೂ ಅವರೇ. ಇವತ್ತು ಕ್ಯಾನ್ಸರಿಗೆ ಕೊಡುವ ಕೆಲವು ಇಂಜೆಕ್ಷನ್ನುಗಳು ಕೆಲಸ ಮಾಡುವುದು ಇದೇ ಪಿಡಿ-1ರ ಮೇಲೆ. ಪಿಡಿ-1 ಕಂಡುಹಿಡಿದ ತಸುಕು ಹೊಂಜೊ 2018ರ ನೊಬೆಲ್ ಪಡೆದರು.

ಈ ದಣಿವು ಬರೀ ಕೆಡುಕೂ ಅಲ್ಲ. ಪಿಡಿ-1ಕ್ಕೆ ಅಂಟುವ ಜೋಡಿ ಅಣುವೇ ಇಲ್ಲದ ಇಲಿಗಳಿಗೆ ಆ ಉಳಿಯುವ ತಳಿಯನ್ನು ಕೊಟ್ಟಾಗ, ಟಿ ಕೋಶಗಳು ದಣಿಯದೆ ಹೋರಾಡಿ ಇಲಿಗಳೇ ಸತ್ತವು. ಹೋಗದ ರೋಗಾಣುವಿನ ಜತೆ ಬದುಕಬೇಕಾದರೆ ಮೈ ಹೀಗೆ ತಗ್ಗಿ ನಡೆಯುತ್ತದೆ. ಆದರೆ ಅದಕ್ಕೆ ತೆರುವ ಬೆಲೆ ದೊಡ್ಡದು. ಪಿತ್ತಜನಕಾಂಗದಲ್ಲಿ ಕೂತುಬಿಡುವ ಹೆಪಟೈಟಿಸ್ ಸಿ ಈಗ ಮಾತ್ರೆಯಿಂದಲೇ ಪೂರ್ತಿ ಗುಣವಾಗುತ್ತದೆ. ಆದರೂ ವರ್ಷಗಟ್ಟಲೆ ಅದರ ಜತೆ ಸೆಣಸಿದ ಟಿ ಕೋಶಗಳಲ್ಲಿ ದಣಿವಿನ ಗುರುತು ಆಮೇಲೂ ಉಳಿದಿರುತ್ತದೆ. ಬೇಗ ಪತ್ತೆ ಹಚ್ಚಿ ಬೇಗ ಮದ್ದು ಮಾಡಿ ಎಂದು ನಾವು ಹೇಳುತ್ತಲೇ ಇರುವುದು ಇದಕ್ಕೇ.

ಎಚ್‌ಐವಿಯಂತೂ ನೇರವಾಗಿ ಸಿಡಿ4 ಎಂಬ ಟಿ ಕೋಶಗಳೊಳಗೇ ಹೋಗುತ್ತದೆ. ಮೊದಲ ಕೆಲವು ವಾರಗಳಲ್ಲೇ ಕರುಳಿನ ಸಿಡಿ4 ಕೋಶಗಳು ಭಾರೀ ಪ್ರಮಾಣದಲ್ಲಿ ನಾಶವಾಗುತ್ತವೆ. ವೈರಸ್ ಪೂರ್ತಿ ಬೆಳೆದ ಕೋಶಗಳಷ್ಟೇ ಸಾಯುತ್ತವೆ ಎಂದು ಮೊದಲು ಅಂದುಕೊಂಡಿದ್ದೆವು. ಅರೆಬರೆ ಸೋಂಕು ತಗುಲಿದ ಪಕ್ಕದ ಕೋಶಗಳೇ ಉರಿಯೂತ ಎಬ್ಬಿಸಿಕೊಂಡು ರಾಶಿರಾಶಿ ಸಾಯುತ್ತವೆ ಎಂದು 2014ರಲ್ಲಿ ಗೊತ್ತಾಯಿತು. ಸಾಮಾನ್ಯವಾಗಿ 500ರಿಂದ 1,500 ಇರಬೇಕಾದ ಸಿಡಿ4 ಲೆಕ್ಕ 200ಕ್ಕಿಂತ ಕೆಳಗಿಳಿದರೆ ಅದು ಏಡ್ಸ್ ಹಂತ. ಆದರೆ ಇವತ್ತು ಎದೆಗುಂದಬೇಕಾಗಿಲ್ಲ. ಎಷ್ಟೇ ಸಿಡಿ4 ಇರಲಿ, ಸೋಂಕು ಗೊತ್ತಾದ ಕೂಡಲೇ ಔಷಧಿ ಶುರುಮಾಡುವ ನೀತಿ ನಮ್ಮ ದೇಶದಲ್ಲಿ 2017ರಿಂದ ಇದೆ, ಸರ್ಕಾರಿ ಕೇಂದ್ರಗಳಲ್ಲಿ ಅದು ಉಚಿತ.

ಇನ್ನು ಟಿಬಿ. ಮುಂಬೈಯಲ್ಲಿದ್ದು ಟಿಬಿ ಮಾತಾಡದೆ ಇರಲಾಗದು. ಜಗತ್ತಿನ ಟಿಬಿ ರೋಗಿಗಳಲ್ಲಿ ಕಾಲು ಭಾಗ ನಮ್ಮ ದೇಶದವರು. ಟಿಬಿಯ ಬ್ಯಾಕ್ಟೀರಿಯಾ ಶ್ವಾಸಕೋಶದ ಮ್ಯಾಕ್ರೋಫೇಜ್ ಎಂಬ ಕೋಶದೊಳಗೇ ಮನೆ ಮಾಡುತ್ತದೆ. ಸಿಡಿ4 ಕೋಶಗಳು ಇಂಟರ್‌ಫೆರಾನ್ ಗಾಮಾ ಎಂಬ ರಾಸಾಯನಿಕ ಸುರಿಸಿ, ಅದನ್ನು ಒಳಗೇ ಅದುಮಿಡಲು ಮ್ಯಾಕ್ರೋಫೇಜಿಗೆ ಬಲ ಕೊಡುತ್ತವೆ. ಹೀಗೆ ಅದುಮಿಟ್ಟವರಲ್ಲಿ 5%-10% ಜನರಿಗೆ ಮಾತ್ರ ಬದುಕಿನ ಯಾವುದೋ ಹಂತದಲ್ಲಿ ರೋಗ ಹೊರಬರುತ್ತದೆ. ಹೊರಬರುವುದು ಯಾವಾಗ? ಎಚ್‌ಐವಿ ಬಂದಾಗ, ಸಕ್ಕರೆ ಕಾಯಿಲೆ ಹತೋಟಿ ತಪ್ಪಿದಾಗ, ಊಟ ಸಾಲದೆ ಮೈ ಸೊರಗಿದಾಗ. ಕೊನೆಯದನ್ನು ಒತ್ತಿ ಹೇಳುತ್ತೇನೆ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ ಅವರ ತಂಡ ಜಾರ್ಖಂಡಿನಲ್ಲಿ ಟಿಬಿ ರೋಗಿಗಳ ಮನೆಯವರಿಗೆ ತಿಂಗಳು ತಿಂಗಳು ರೇಷನ್ ಕೊಟ್ಟಿತು. ಆ ಮನೆಗಳಲ್ಲಿ ಹೊಸದಾಗಿ ಟಿಬಿ ಬರುವುದು 39% ಕಮ್ಮಿಯಾಯಿತು ಎಂದು 2023ರಲ್ಲಿ ಪ್ರಕಟಿಸಿತು. ಇಮ್ಯುನಿಟಿ ಹೆಚ್ಚಿಸುತ್ತೇವೆ ಎಂದು ಡಬ್ಬಿ ಮಾರುವವರು ಯಾರೂ ಇಂಥ ಫಲಿತಾಂಶ ತೋರಿಸಿಲ್ಲ. ಟಿ ಕೋಶ ಬೇಗಬೇಗ ಒಡೆದು ಹೆಚ್ಚಬೇಕಾದರೆ ಪ್ರೋಟೀನು, ಶಕ್ತಿ ಎರಡೂ ಬೇಕು, ಅವು ಬರುವುದು ಬೇಳೆ, ಮೊಟ್ಟೆ, ಮೀನು, ಅನ್ನದಿಂದಲೇ.

ಸದ್ದಿಲ್ಲದೆ ಕೂತಿರುವ ಇನ್ನೊಂದು ವೈರಸ್ ಬಗ್ಗೆ ಹೇಳಲೇಬೇಕು. ಸಿಎಂವಿ ಎನ್ನುತ್ತಾರೆ. ನಮ್ಮ ದೇಶದ ಹೆಚ್ಚುಕಡಿಮೆ ಎಲ್ಲ ದೊಡ್ಡವರಿಗೂ ಚಿಕ್ಕಂದಿನಲ್ಲೇ ತಗುಲಿರುತ್ತದೆ, ಯಾರಿಗೂ ಗೊತ್ತಾಗಿರುವುದಿಲ್ಲ. ಇದು ಇರುವವರಲ್ಲಿ ನೆನಪಿನ ಟಿ ಕೋಶಗಳ ಸರಾಸರಿ ಹತ್ತನೇ ಒಂದು ಭಾಗ ಇದೊಂದನ್ನೇ ನೋಡಿಕೊಳ್ಳುವುದರಲ್ಲಿರುತ್ತದೆ. ವಯಸ್ಸಾದಂತೆ ಆ ಪಾಲು ಇನ್ನೂ ಏರಬಹುದು. ಆರೋಗ್ಯವಂತರಿಗೆ ಇದರಿಂದ ತೊಂದರೆಯಿಲ್ಲ, ಪರೀಕ್ಷೆ ಮಾಡಿಸುವ ಅಗತ್ಯವೂ ಇಲ್ಲ.

ಅತ್ತೆಯವರ ಮಾತಿನಲ್ಲೂ ಒಂದು ನಿಜ ಇದೆ. ಪ್ರಯೋಗಾಲಯದಲ್ಲಿ ಶುಚಿಯಾಗಿ ಬೆಳೆಸಿದ ಇಲಿಗಳ ಟಿ ಕೋಶಗಳು ಆಗ ತಾನೇ ಹುಟ್ಟಿದ ಮಗುವಿನ ಕೋಶಗಳಂತೆ ಇರುತ್ತವೆ. ಅವನ್ನು ಸಾಕುಪ್ರಾಣಿ ಮಾರುವ ಅಂಗಡಿಯಿಂದ ತಂದ, ಹತ್ತಾರು ಸೋಂಕು ಕಂಡ ಇಲಿಗಳ ಜತೆ ಒಂದೇ ಪಂಜರದಲ್ಲಿಟ್ಟಾಗ, ಕೆಲವೇ ವಾರಗಳಲ್ಲಿ ಅವುಗಳ ಟಿ ಕೋಶಗಳು ದೊಡ್ಡ ಮನುಷ್ಯರ ಕೋಶಗಳಂತೆ ಬಲಿತವು. 2016ರ ಅಧ್ಯಯನ ಇದು. ಸೋಂಕು ಟಿ ಕೋಶಗಳನ್ನು ರೂಪಿಸುತ್ತದೆ ಎನ್ನುವುದಕ್ಕೆ ಇದಕ್ಕಿಂತ ಚೆನ್ನಾದ ಸಾಕ್ಷಿ ಕಮ್ಮಿ. ಆದರೆ ಅದೇ ಪಂಜರದಲ್ಲಿ ಸುಮಾರು ಐದನೇ ಒಂದು ಭಾಗದ ಇಲಿಗಳು ಸತ್ತೇ ಹೋದವು. ಉಳಿದವು ಗಟ್ಟಿಯಾದವು ಎಂದು ಹೇಳುವಾಗ ಸತ್ತವನ್ನು ಲೆಕ್ಕಕ್ಕೆ ಸೇರಿಸಬೇಕಲ್ವಾ? ಡೆಂಗಿಯ ವಿಷಯದಲ್ಲಂತೂ ಗಟ್ಟಿಯಾಗುವ ಮಾತೇ ತಪ್ಪುತ್ತದೆ. ಡೆಂಗಿ ವೈರಸ್ಸಿನಲ್ಲಿ ನಾಲ್ಕು ಬಗೆ. ಒಂದು ಬಗೆ ಬಂದು ಹೋದವರಿಗೆ ಇನ್ನೊಂದು ಬಗೆ ಬಂದರೆ ಕಾಯಿಲೆ ಜೋರಾಗುವ ಸಾಧ್ಯತೆ ಹೆಚ್ಚು. ಹಳೆಯ ಆಂಟಿಬಾಡಿಗಳು ಹೊಸ ವೈರಸ್ಸನ್ನು ಕೊಲ್ಲದೆ ಕೋಶಗಳೊಳಗೆ ಹೋಗಲು ನೆರವಾಗಿಬಿಡುತ್ತವೆ. ನಿಮ್ಮ ಮಗನಿಗೆ ಮತ್ತೆ ಡೆಂಗಿ ಬಂದರೆ, ಜ್ವರ ಇಳಿಯುವ ಹೊತ್ತಿನಲ್ಲೇ ಹೆಚ್ಚು ಎಚ್ಚರ ಬೇಕು. ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ವಿಪರೀತ ಸುಸ್ತು ಕಂಡರೆ ತಡಮಾಡದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಹಾಗಾದರೆ ಪ್ಯಾಕೇಜ್ ಮಾಡಿಸುವುದೇ? ಬೇಡ. ಲೆಕ್ಕ ತಾನಾಗಿ ಸರಿಹೋಗಿರುವಾಗ ಸಿಡಿ4 ಎಣಿಸಿ ಏನೂ ಪ್ರಯೋಜನವಿಲ್ಲ. ಅದರ ಬದಲು ಮೂರು ಸಾಮಾನ್ಯ ಪರೀಕ್ಷೆ ಸಾಕು. ರಕ್ತದ ಸಕ್ಕರೆ, ಎಚ್‌ಐವಿ, ಮತ್ತೆ ಎದೆಯ ಎಕ್ಸ್‌ರೇ. 27ರ ಹುಡುಗನಿಗೆ ಆಸ್ಪತ್ರೆ ಸೇರುವಷ್ಟು ನ್ಯುಮೋನಿಯಾ ಆದರೆ ಇವನ್ನು ನಾನು ಎಲ್ಲರಿಗೂ ಹೇಳುತ್ತೇನೆ. ಎಚ್‌ಐವಿ ಪರೀಕ್ಷೆ ಎಂದ ಕೂಡಲೇ ಮಗನ ಬಗ್ಗೆ ತಪ್ಪು ತಿಳಿಯಬೇಡಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಅದು ಉಚಿತ, ಗುಟ್ಟಾಗಿಯೂ ಇಡುತ್ತಾರೆ, ಏನಾದರೂ ಕೇಳಬೇಕಿದ್ದರೆ 1097ಕ್ಕೆ ಫೋನ್ ಮಾಡಬಹುದು. ಮುಂದೆ ಅದೇ ವರ್ಷದಲ್ಲಿ ಮತ್ತೆ ನ್ಯುಮೋನಿಯಾ ಬಂದರೆ, ಬಾಯಲ್ಲಿ ಬಿಳಿ ಪದರ ಕಟ್ಟಿದರೆ, ಈ ವಯಸ್ಸಿಗೇ ಸರ್ಪಸುತ್ತು ಎದ್ದರೆ, ಎರಡು ವಾರ ಮೀರಿ ಕೆಮ್ಮು ಇದ್ದರೆ, ತೂಕ ಇಳಿಯುತ್ತಾ ಹೋದರೆ, ಅಥವಾ ಚೆನ್ನಾಗಿರುವಾಗಲೂ ಲಿಂಫೋಸೈಟ್ 1,000ದ ಕೆಳಗೇ ಉಳಿದರೆ, ಆಗ ಟಿ ಕೋಶಗಳನ್ನು ಎಣಿಸುವುದಕ್ಕೆ ಅರ್ಥವಿದೆ. ಅದನ್ನೂ ಲ್ಯಾಬಿನವರ ಫೋನು ಕೇಳಿ ಅಲ್ಲ, ವೈದ್ಯರು ಹೇಳಿದ ಮೇಲೆ.

ಕೊನೆಗೆ ಮೊಮ್ಮಗುವಿನ ದಡಾರದ ವಿಷಯ. ಇಲ್ಲಿನವರು ಗೋವರ್ ಎನ್ನುವುದೂ ಇದನ್ನೇ. ಇದನ್ನು ದಯವಿಟ್ಟು ಬಂದು ಹೋಗುವ ಸೋಂಕುಗಳ ಸಾಲಿಗೆ ಸೇರಿಸಬೇಡಿ. ದಡಾರದ ವೈರಸ್ ಮೈಗೆ ಬಂದ ಕೂಡಲೇ ಹುಡುಕುವುದು ಸಿಡಿ150 ಎಂಬ ಅಣು ಇರುವ ಕೋಶಗಳನ್ನು. ಅದು ಹೆಚ್ಚಾಗಿ ಇರುವುದು ನೆನಪಿನ ಕೋಶಗಳ ಮೇಲೇ. ಅಂದರೆ ಮಗು ಇಷ್ಟು ದಿನ ಕಷ್ಟಪಟ್ಟು ಗಳಿಸಿದ ನೆನಪನ್ನೇ ಈ ವೈರಸ್ ತಿನ್ನುತ್ತದೆ. ಟಿಬಿಯ ಚರ್ಮ ಪರೀಕ್ಷೆಯಲ್ಲಿ ಕೆಂಪಗೆ ಊದುತ್ತಿದ್ದ ಮಕ್ಕಳಿಗೆ ದಡಾರ ಬಂದಾಗ ಆ ಊತ ಬಾರದೆ ಹೋಗುತ್ತದೆ ಎಂದು ವಿಯೆನ್ನಾದ ಕ್ಲೆಮೆನ್ಸ್ ಫಾನ್ ಪಿರ್ಕೆ 1908ರಲ್ಲೇ ಬರೆದಿದ್ದರು. ಲಸಿಕೆ ಹಾಕಿಸದ ಮಕ್ಕಳಿಗೆ ದಡಾರ ಬಂದು ಹೋದ ಮೇಲೆ, ಬೇರೆ ಬೇರೆ ರೋಗಗಳ ವಿರುದ್ಧ ಅವರಲ್ಲಿದ್ದ ಆಂಟಿಬಾಡಿಗಳಲ್ಲಿ 11%ರಿಂದ 73%ವರೆಗೆ ಕಳೆದುಹೋದದ್ದನ್ನು 2019ರ ಅಧ್ಯಯನ ಅಳೆದು ತೋರಿಸಿತು. ಮೈಮೇಲಿನ ಗಂಧೆ ಮಾಯವಾಗಿ ಮಗು ಆಟಕ್ಕೆ ಇಳಿದ ಮೇಲೂ ಎರಡು ಮೂರು ವರ್ಷ ಬೇರೆ ಸೋಂಕುಗಳ ಅಪಾಯ ಹೆಚ್ಚೇ ಇರುತ್ತದೆ. ಲಸಿಕೆಯಲ್ಲಿರುವುದು ಬಲ ಕಳೆದುಕೊಂಡ ವೈರಸ್. ಅದು ದಡಾರದ ನೆನಪು ಕೊಡುತ್ತದೆ, ಹಳೆಯ ನೆನಪನ್ನು ಮುಟ್ಟುವುದಿಲ್ಲ.

2022ರ ಕೊನೆಯಲ್ಲಿ ಮುಂಬೈಯಲ್ಲಿ ದಡಾರ ಎದ್ದಾಗ ಹೆಚ್ಚು ಪೆಟ್ಟು ತಿಂದದ್ದು ಗೋವಂಡಿ. ನಿಮ್ಮ ಮಗಳಿರುವ ಚೆಂಬೂರಿನ ಪಕ್ಕದಲ್ಲೇ ಅಲ್ವಾ. ಮೊದಲ ಡೋಸ್ 9ರಿಂದ 12 ತಿಂಗಳಲ್ಲಿ, ಎರಡನೆಯದು 16ರಿಂದ 24 ತಿಂಗಳಲ್ಲಿ ಹಾಕಬೇಕು. ಮಗುವಿಗೆ ಈಗ 18 ತಿಂಗಳು, ಅಂದರೆ ಸಮಯ ಮೀರಿಲ್ಲ. ಮುನಿಸಿಪಾಲಿಟಿ ದವಾಖಾನೆಯಲ್ಲಿ ಉಚಿತವಾಗಿ ಹಾಕುತ್ತಾರೆ. ಸಣ್ಣ ನೆಗಡಿ ಇದ್ದರೂ ಹಾಕಿಸಬಹುದು, ಜೋರು ಜ್ವರ ಇದ್ದರೆ ಇಳಿದ ಮೇಲೆ ಹಾಕಿಸಿ. ಲಸಿಕೆಯಾದ ಒಂದು ವಾರದ ಮೇಲೆ ಕೆಲವು ಮಕ್ಕಳಿಗೆ ಸ್ವಲ್ಪ ಜ್ವರ, ಮೈಮೇಲೆ ಒಂದೆರಡು ದಿನ ಗಂಧೆ ಬರುವುದುಂಟು, ಅದಕ್ಕೆ ಹೆದರಬೇಕಿಲ್ಲ. ಮಗುವಿನ ಲಸಿಕೆ ಕಾರ್ಡು ಜತೆಗೆ ತೆಗೆದುಕೊಂಡು ಈ ವಾರವೇ ಹೋಗಿ ಬರಲು ಮಗಳಿಗೆ ಹೇಳಿ.